ಕಪ್ಪು ಅದ್ದಿದ ಹಬ್ಬದ ಬಟ್ಟೆ

ಸೆಕಾಂಡಿ,
ಅಕ್ಟೋಬರ್ ೧೪

ಮಾನ್ಯ ಮ್ಯಾನೇಜರ್ ಮೇಡಂ ಅವರಿಗೆ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಆದ್ದರಿಂದ, ಬೆಂಟ್ಸಿವಾ,

ನಿನ್ನೆ ನನ್ನನ್ನು ಕೋಣೆಗೆ ಕರೆಸಿ, ಕೂರಲೂ ಹೇಳದೆ, ಭಾನುವಾರದ ಅವಮಾನದಲ್ಲಿ ಕಾರ್ಖಾನೆಯ ಒಳಗಿನವರಲ್ಲಿ ಯಾರ ಕೈವಾಡವಿದೆ ಎಂದು ಕೇಳಿದೆ. ಹೆಸರು ಕೊಟ್ಟರೆ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿಯ ಹುದ್ದೆ ನನ್ನದು ಎಂದೆ. ಉತ್ತರ ಬರವಣಿಗೆಯಲ್ಲೇ ಬೇಕಂತೆ. ತಗೋ.

ಇಪ್ಪತ್ತೊಂದು ವರ್ಷದ ಹಿಂದೆ ನಾವಿಬ್ಬರೂ ಒಂದೇ ದಿನ ಈ ಮೀನಿನ ಕಾರ್ಖಾನೆಗೆ ಸೇರಿದೆವು. ಚಾಕು ಹಿಡಿಯಲು ಕಲಿಸಿದವಳು ಆಂಟಿ ಎಫುವಾ. ನೀನು ಹೆಬ್ಬೆರಳು ಕೊಯ್ದುಕೊಂಡಾಗ ತನ್ನ ತಲೆವಸ್ತ್ರ ಹರಿದು ಕಟ್ಟಿದವಳೂ ಅವಳೇ. ನೀನು ಮೇಲೆ ಮೇಲೆ ಹೋದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು. ಆದರೆ ರಾಜಧಾನಿ ಆಕ್ರಾದಲ್ಲಿ ಹತ್ತು ದಿನದ ನಾಯಕತ್ವದ ತರಬೇತಿ ಮುಗಿಸಿ ಬಂದೆಯಲ್ಲ, ಅಲ್ಲಿಂದಾಚೆಗೆ ನಿನ್ನನ್ನು ನೋಡಿದರೆ ನಗು ಬರುತ್ತದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಮೀನಿನ ವಾಸನೆ ಆಗದೆಂದು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ನಮಗೆ ಬದಲಾವಣೆಯ ಪಾಠ ಹೇಳಿದೆ. ಬದಲಾವಣೆ ಎಂದರೆ ಹತ್ತೊಂಬತ್ತು ಹೆಂಗಸರನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆಯುವುದು ಎಂದು ಆಮೇಲೆ ಗೊತ್ತಾಯಿತು.

ನಾನೇನೂ ಸಾಚಾ ಅಲ್ಲ. ಕೈ ನಿಧಾನವಾದವರ ಪಟ್ಟಿ ಕೊಡು, ಹಗುರ ಕೆಲಸಕ್ಕೆ ಹಾಕೋಣ ಎಂದೆ ನೀನು. ನಂಬಿದೆನೋ, ನಂಬಿದಂತೆ ನಟಿಸಿದೆನೋ, ಆ ಹತ್ತೊಂಬತ್ತು ಹೆಸರು ಬರೆದುಕೊಟ್ಟೆ. ಮೊದಲ ಹೆಸರೇ ಆಂಟಿ ಎಫುವಾಳದು. ನಿನ್ನ ಮೇಲೆ ಎಷ್ಟು ಹೇಸಿಗೆಯಿದೆಯೋ ನನ್ನ ಮೇಲೂ ಅಷ್ಟೇ ಇದೆ.

ಅದಾದ ಮೇಲೆ ಕಾರ್ಖಾನೆಯ ಐವತ್ತನೇ ವರ್ಷದ ಹಬ್ಬಕ್ಕೆ ಎಲ್ಲರೂ ಉಡಲೆಂದು ಅಚ್ಚು ಹಾಕಿಸಿದ ಬಟ್ಟೆ ಬಂತು. ನೀಲಿಯ ಮೇಲೆ ಬಿಳಿ ಮೀನು, ಅಂಚಿನುದ್ದಕ್ಕೂ 'ನಾವೆಲ್ಲ ಒಂದೇ ಮನೆಯವರು'. ಕೆಲಸ ಕಳೆದುಕೊಂಡವರಿಗೂ ಹಂಚಿಸಿದೆ, ಫೋಟೋ ತುಂಬಿದಂತೆ ಕಾಣಲಿ ಎಂದು. ಅವರೂ ಬಂದರು. ಭಾನುವಾರದ ಕೃತಜ್ಞತಾ ಆರಾಧನೆಗೆ ಚರ್ಚಿನ ಮುಂದಿನ ಎರಡು ಸಾಲು ತುಂಬ ಅವರೇ. ಉಟ್ಟದ್ದು ಅದೇ ಬಟ್ಟೆ, ಸಾವಿನ ಮನೆಗೆ ಉಡುವ ಹಾಗೆ ಕಪ್ಪು ಅದ್ದಿದ್ದು. ಕಪ್ಪಿನೊಳಗೆ ಮೀನು ಮಬ್ಬಾಗಿ ಕಾಣುತ್ತಿತ್ತು. ಯಾರು ಹೋದರು ಎಂದು ಫೋಟೋದವನು ಕೇಳಿದ್ದಕ್ಕೆ ಆಂಟಿ ಎಫುವಾ ಕೊಟ್ಟ ಉತ್ತರ ನಿನಗೂ ಕೇಳಿಸಿತು:

"ನಮ್ ಕಾರ್ಖಾನೆ ತೀರ್ಕೊಂಡ್ತಪ್ಪ. ಒಳಗಿರೋರು ಯಾರೂ ಅಳ್ಲಿಲ್ಲ, ಅದಕ್ಕೆ ನಾವೇ ಬಂದ್ವಿ."

ಆಗ ನೀನು ಭಾಷಣದ ಹಾಳೆಯನ್ನು ಓದದೆ ಮಡಚಿಟ್ಟೆ. ಮ್ಯಾನೇಜರ್ ಆದ ಮೇಲೆ ನೀನು ಮಾಡಿದ ಒಂದೇ ಪ್ರಾಮಾಣಿಕ ಕೆಲಸ ಅದು. ನೀನು ಕೊಡುತ್ತೇನೆಂದ ಹುದ್ದೆ ನೀನೇ ಇಟ್ಟುಕೋ.

ಒಂದು ಕಾಲಕ್ಕೆ ನಿನ್ನ ಪಕ್ಕದಲ್ಲಿ ನಿಂತು ಮೀನು ಕೊಯ್ದವಳು,
ಅರಬಾ

ತಾ.ಕ.: ಕಾಗದದ ಅಂಚಿನ ಕಪ್ಪು ಹೆಬ್ಬೆಟ್ಟು ಪೆನ್ನಿನ ಮಸಿಯದಲ್ಲ. ಮರದ ತೊಗಟೆ ಕುದಿಸಿದ ಬಣ್ಣ ಅದು. ಹತ್ತೊಂಬತ್ತು ಬಟ್ಟೆ ಅದ್ದಿದ ಉಗುರಿನಿಂದ ಬೇಗ ಹೋಗುವುದಿಲ್ಲ. ನೀನು ಕೇಳಿದ ಹೆಸರು ನನ್ನದೇ. ಇಪ್ಪತ್ತನೆಯದು, ನನ್ನ ಪಾಲಿನ ಬಟ್ಟೆ, ಈಗ ಹಗ್ಗದ ಮೇಲೆ ಒಣಗುತ್ತಿದೆ. ನಾಳೆ ಕೆಲಸಕ್ಕೆ ಅದನ್ನೇ ಉಟ್ಟು ಬರುತ್ತೇನೆ. ಗೇಟಿನಲ್ಲಿ ತಡೆಯುವುದಾದರೆ ಬೇರೆಯವರನ್ನು ಕಳಿಸಬೇಡ, ನೀನೇ ಬಾ.