ಮಂದಿ ಇಲ್ಲದ ಜಾಗಗಳು

ಇಳಕಲ್
೧೫ ಸೆಪ್ಟೆಂಬರ್ ೨೦೨೫

ಪ್ರೀತಿಯ ಅಂಜನಕ್ಕನಿಗೆ,

ನೇತ್ರಾಳ ಶರಣು. ನೀನು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿ ಮೂರು ವಾರವಾಯಿತು. ಉತ್ತರ ಕೊಡದೆ ಕೂತಿದ್ದಕ್ಕೆ ಬೈಯಬೇಡ. ಫೋನ್ ಮಾಡಿದರೆ ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನೀನೇ ಮುಗಿಸಿಬಿಡುತ್ತೀಯ, ಚಿಕ್ಕಂದಿನಿಂದಲೂ ಹಾಗೇ. ಕಾಗದದ ನಡುವೆ ಬಾಯಿ ಹಾಕಲು ಬರುವುದಿಲ್ಲ. ಅದಕ್ಕೇ ಎಷ್ಟೋ ವರ್ಷಗಳ ಮೇಲೆ ಪೆನ್ನು ಹುಡುಕಿ ಕೂತಿದ್ದೇನೆ.

ಇಲ್ಲಿ ಎಲ್ಲರೂ ಆರಾಮ. ನಮ್ಮ ಮನೆಯವರು ವಾರಕ್ಕೆ ಆರು ದಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಯಿಂದ ಮೈತುಂಬ ಧೂಳು ಮೆತ್ತಿಕೊಂಡು ಬರುತ್ತಾರೆ. ಅತ್ತೆ ಸಿದ್ದವ್ವನವರ ಮೊಣಕಾಲು ಸೋತಿವೆ, ಬಾಯಿ ಮಾತ್ರ ಮೊದಲಿನಷ್ಟೇ ಗಟ್ಟಿ. ನನ್ನ ಗಂಗಾಗೆ ಈ ಶ್ರಾವಣಕ್ಕೆ ಹನ್ನೊಂದು ತುಂಬಿತು. ಮಾತು ಬಂದಿಲ್ಲ, ಇನ್ನು ಬರುವುದೂ ಇಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಖುಷಿಯಾದರೂ ಕೂಗುತ್ತಾಳೆ, ಹೆದರಿದರೂ ಕೂಗುತ್ತಾಳೆ. ಯಾವುದು ಯಾವುದೆಂದು ನಮಗೆ ಗೊತ್ತಾಗುತ್ತದೆ.

ಈಗ ನಿನ್ನ ಮಾತಿಗೆ ಬರುತ್ತೇನೆ. ನೀನು ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ದಸರಾ ರಜಾದಾಗ ಎಲ್ಲಾರೂ ಕೂಡಿ ಒಂದಿನ ಎಲ್ಲಿಗರ ಹೋಗೂಣು. ಗೋವಾ-ಗೀವಾ ಬ್ಯಾಡ, ಖರ್ಚ ಭಾಳ ಆಗತೈತಿ. ನೀವು ರವಿವಾರಕ್ಕೊಮ್ಮೆ ತಿರಗತೀರಲ್ಲ, ಮಂದಿ ಇಲ್ಲದ ಜಾಗಾ ನಿಮಗ ಗೊತ್ತಿರತಾವ, ಬರದ ಕಳಸು. ಗಂಗಾನ್ನ ಬಾಜೂಮನಿ ರಂಗವ್ವನ ಕಡೆ ಬಿಟ್ಟ ಬಾ, ನಿನಗೂ ಒಂದಿನ ಆರಾಮ."

ಜಾಗ ತಾನೆ? ಬರೆದುಕೋ.

ಮೊದಲನೆಯದು ಸಿದ್ಧನಕೊಳ್ಳ. ಐಹೊಳೆ ನೋಡಲು ಬಂದ ಗಾಡಿಗಳು ಅದನ್ನು ಬಿಟ್ಟೇ ಹೋಗುತ್ತವೆ. ಮಳೆ ಚೆನ್ನಾಗಿ ಆದರೆ ಬಂಡೆಯ ಮೇಲಿಂದ ನೀರು ಧುಮುಕುತ್ತದೆ. ನಾವು ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು. ಬಸ್ಸಿನಲ್ಲಿ ಹೆಂಗಸರು ಮೂವರಿಗೂ ಟಿಕೆಟ್ ಪುಕ್ಕಟೆ, ಮನೆಯವರೊಬ್ಬರೇ ದುಡ್ಡು ಕೊಡಬೇಕು. ಅತ್ತೆ ಪ್ರತಿ ಸಲ, "ನಾಗಲಿಂಗಾ, ನೀ ಒಬ್ಬಾವ ಮನ್ಯಾಗ ಉಳದರ ನಮ್ಮ ತಿರಗಾಟ ಪೂರಾ ಪುಕ್ಕಟ ನೋಡು" ಅನ್ನುತ್ತಾರೆ. ಬುತ್ತಿಯ ಚೀಲ ಹೊರುವವರು ನಮ್ಮ ಮನೆಯವರೇ ಆದ್ದರಿಂದ ಇನ್ನೂ ಕರೆದುಕೊಂಡು ಹೋಗುತ್ತಿದ್ದೇವೆ.

ಅಲ್ಲಿಗೆ ಮೊದಲ ಸಲ ಹೋದ ದಿನ ಅಮೀನಗಡದಲ್ಲಿ ಬಸ್ಸು ಬದಲಿಸಿ ಕೂತೆವು. ಕಿಟಕಿ ಸಿಕ್ಕಿತೆಂದು ಗಂಗಾ ಕೂಗತೊಡಗಿದಳು. ಮುಂದಿನ ಸೀಟಿನ ಹೆಂಗಸು ಹೊರಳಿ ನೋಡಿ, "ಹುಡಗೀಗೆ ಏನಾಗೇತ್ರಿ?" ಅಂದಳು. ನಾನು ಎಂದಿನಂತೆ ತಲೆ ತಗ್ಗಿಸಿದೆ. ಅತ್ತೆ ಮಾತ್ರ, "ಏನೂ ಆಗಿಲ್ಲವ್ವಾ, ಅಕಿಗೆ ಖುಷಿ ಆಗೇತಿ. ನಿನಗ ಕಡೀಕ ಯಾವಾಗ ಆಗಿತ್ತ?" ಅಂದರು. ಆ ಹೆಂಗಸು ಸೆರಗು ಎಳೆದುಕೊಂಡು ಮುಂದಕ್ಕೆ ತಿರುಗಿ ಕೂತಳು. ಅವತ್ತಿನಿಂದ ನಾನು ತಲೆ ತಗ್ಗಿಸುವುದನ್ನು ಬಿಟ್ಟೆ ಅಕ್ಕ.

ಎರಡನೆಯದು ಮಹಾಕೂಟ. ಅಮಾವಾಸ್ಯೆ, ಸೋಮವಾರ ಹೋಗಬೇಡ, ಕಾಲಿಡಲು ಜಾಗವಿರುವುದಿಲ್ಲ. ಕರೆಂಟ್ ಹೋಗಿ ಕಾರ್ಖಾನೆ ಬಂದ್ ಇದ್ದ ಒಂದು ಬುಧವಾರ ನಾವು ಹೋಗಿದ್ದೆವು. ಹೊಂಡದಲ್ಲಿ ನಾಲ್ಕೇ ಮಂದಿ. ಗಂಗಾ ಅಪ್ಪನ ಕೈ ಹಿಡಿದು ನೀರಿಗಿಳಿದವಳು ಒಂದು ತಾಸು ಬಾಯಿ ತೆರೆಯಲಿಲ್ಲ. ನಿದ್ದೆಯ ಹೊತ್ತು ಬಿಟ್ಟರೆ ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಅಲ್ಲೇ ನೋಡಿದ್ದು.

ಮೂರನೆಯದು ಬಾದಾಮಿ. ನಗಬೇಡ, ಬಾದಾಮಿ ಎಲ್ಲರಿಗೂ ಗೊತ್ತು. ಆದರೆ ಎಲ್ಲರೂ ಟಿಕೆಟ್ ತೆಗೆಸಿ ಗುಹೆಯ ಮೆಟ್ಟಿಲು ಹತ್ತುತ್ತಾರೆ. ನೀನು ಕೆರೆಯ ಆಚೆ ದಂಡೆಗೆ ಹೋಗು, ಗುಡಿ ದಾಟಿ ಬಂಡೆಗಳ ಸಂದಿಗೆ. ಅಲ್ಲಿ ಗಂಗಾ ಕೂಗಿದಳು, ಗುಡ್ಡ ತಿರುಗಿ ಕೂಗಿತು. ಅವಳು ಬೆಚ್ಚಿ ನನ್ನ ಸೀರೆ ಹಿಡಿದಳು. ಆಮೇಲೆ ಮತ್ತೆ ಕೂಗಿ, ಕೈಯೆತ್ತಿ ನಿಂತು, ಉತ್ತರ ಬರುವವರೆಗೂ ಕಾದಳು. ಮಧ್ಯಾಹ್ನವಿಡೀ ಇಬ್ಬರದೂ ಅದೇ ಮಾತುಕತೆ. ಹನ್ನೊಂದು ವರ್ಷದಲ್ಲಿ ಅವಳೊಡನೆ ಅವಳ ಮಾತಿನಲ್ಲೇ ಮಾತಾಡಿದ್ದು ಆ ಗುಡ್ಡವೊಂದೇ. ನಮ್ಮ ಮನೆಯವರು ಅತ್ತ ತಿರುಗಿ ಕಣ್ಣೊರೆಸಿಕೊಂಡು, "ಧೂಳ ಹೋತು" ಅಂದರು. ಧೂಳಿನಲ್ಲೇ ದುಡಿಯುವ ಮನುಷ್ಯ!

ಇನ್ನು ಗಂಗಾನ್ನ ರಂಗವ್ವನ ಕಡೆ ಬಿಟ್ಟು ಬರುವ ಮಾತು. ಅದು ಆಗುವುದಿಲ್ಲ.

ಹೋದ ವರ್ಷ ಶ್ರಾವಣ ಶನಿವಾರ ಎಲ್ಲರೂ ಗಾಡಿ ಮಾಡಿಕೊಂಡು ತುಳಸಿಗೇರಿ ಹಣಮಪ್ಪನ ಗುಡಿಗೆ ಹೋಗಿದ್ದೆವಲ್ಲ, ಗಂಟೆ ಬಾರಿಸಿದ್ದಕ್ಕೆ ಗಂಗಾ ಹೆದರಿ ಕೂಗಿದಳು, ಪಾಳಿಯಲ್ಲಿ ನಿಂತವರೆಲ್ಲ ತಿರುಗಿದರು. ನಿನ್ನ ಯಜಮಾನರು, ಶಿವಪ್ರಕಾಶ ಮಾವ, ಎಲ್ಲರೆದುರು ಅಂದದ್ದು ನೆನಪಿದೆಯಾ? "ಇಂಥಾ ಕೂಸನ್ನ ಯಾಕ ಕರಕೊಂಡ ಬರತೀರಿ? ಮಂದಿ ನಮ್ಮನ್ನ ನೋಡತೈತಿ." ಅವತ್ತೇ ನಾನು ಮಂದಿ ಇಲ್ಲದ ಜಾಗ ಹುಡುಕಲು ಶುರು ಮಾಡಿದ್ದು. ಮೊದಮೊದಲು ಮಂದಿಗೆ ಹೆದರಿ ಹುಡುಕಿದೆ, ಖರೆ. ಈಗ ಹೆದರಿಕೆಯಿಲ್ಲ. ಮಂದಿ ನೋಡಿದರೆ ನೋಡಲಿ, ಕಣ್ಣು ಕೊಟ್ಟಿರುವುದೇ ಅದಕ್ಕೆ.

ದಸರಾಕ್ಕೆ ಗಂಗಾ ಬರುತ್ತಾಳೆ, ಅವಳ ಜೊತೆ ನಾವು ಮೂವರೂ ಬರುತ್ತೇವೆ. ಕಿಟಕಿಯ ಸೀಟು ಅವಳದು. ಬೇಡವೆಂದರೆ ಜಾಗಗಳನ್ನು ಬರೆದುಕೊಟ್ಟಿದ್ದೇನೆ, ನೀವು ನೀವೇ ಹೋಗಿ ಬನ್ನಿ. ಸಿಟ್ಟಿಲ್ಲ. ಅವಳನ್ನು ಬಿಟ್ಟು ನಾನು ಓಣಿಯ ತುದಿಯವರೆಗೂ ಬರುವುದಿಲ್ಲ, ಅಷ್ಟೇ. ಮಾವನಿಗೆ ಈ ಕಾಗದ ಓದಿ ಹೇಳು, ಮುಚ್ಚಿಡಬೇಡ.

ನಿನ್ನ ಮಕ್ಕಳಿಬ್ಬರಿಗೂ ನನ್ನ ಆಶೀರ್ವಾದ, ಚೆನ್ನಾಗಿ ಓದಲಿ, ಚೆನ್ನಾಗಿ ಉಣ್ಣಲಿ. ನಿನ್ನ ಬಿಪಿ ಗುಳಿಗೆ ತಪ್ಪಿಸಬೇಡ. ಬಸವಣ್ಣ ನಿಮ್ಮೆಲ್ಲರನ್ನೂ ತಣ್ಣಗಿಡಲಿ.

ನಿನ್ನ ತಂಗಿ,
ನೇತ್ರಾ

ತಾ.ಕ.: ಕಾಗದ ಮಡಿಚಿದ ಮೇಲೆ ಮತ್ತೆ ಬಿಚ್ಚಿದೆ. ಮಾವನ ತಪ್ಪಷ್ಟೇ ಬರೆದೆ, ನನ್ನದು ಬರೆಯಲಿಲ್ಲ. ತುಳಸಿಗೇರಿಯಲ್ಲಿ ಎಲ್ಲರೂ ಫೋಟೋಕ್ಕೆ ನಿಂತಾಗ ಗಂಗಾನ್ನ ಗಾಡಿಯಲ್ಲಿ ಕೂಡಿಸು ಅಂತ ಯಾರೂ ನನಗೆ ಹೇಳಿರಲಿಲ್ಲ. ನಾನೇ ಡ್ರೈವರನ ಹತ್ತಿರ ಕೂಡಿಸಿ ಬಾಗಿಲು ಹಾಕಿ ಬಂದೆ. ಅವಳು ಗಾಜು ಬಡಿಯುತ್ತಿದ್ದದ್ದು ನನಗೆ ಕೇಳುತ್ತಿತ್ತು. ಆ ಫೋಟೋ ನಿಮ್ಮ ಪಡಸಾಲೆಯಲ್ಲಿದೆ, ನೋಡು, ನಾನು ನಗುತ್ತಿದ್ದೇನೆ. ತಪ್ಪಾಯಿತು ಅಂತ ಅವಳಿಗೆ ತಿಳಿಯುವಂತೆ ಹೇಳುವುದು ಹೇಗೆಂದು ನನಗೆ ಇನ್ನೂ ಗೊತ್ತಾಗಿಲ್ಲ ಅಕ್ಕ. ಅದಕ್ಕೇ ರವಿವಾರ ರವಿವಾರ ಅವಳನ್ನು ಕರೆದುಕೊಂಡು ಬಸ್ಸು ಹತ್ತುತ್ತಿದ್ದೇನೆ.