ನಾನು ಮುಚ್ಚಿದ ತೂಕದ ಕಾಲಂ

ಹೇರೂರು, ಭಾನುವಾರ

ಸಂಹಿತಾ ಕೂಸೇ,

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಈ ಚೀಟಿಯನ್ನು ಸಿರಸಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೇನೆ.

ನೀನು ನಮ್ಮ ಸೊಸೈಟಿಗೆ ಮಾಡಿಕೊಟ್ಟ ಲೆಕ್ಕದ ಸಾಫ್ಟ್‌ವೇರ್ ಚಲೋ ಇದೆ. ಶುಕ್ರವಾರ ಕಾಳುಮೆಣಸು ತೂಗಿಸಲು ಹೋದವನು, "ಇದು ನನ್ನ ತಂಗಿಯ ಮಗಳು ಮಾಡಿದ್ದು, ಏಳನೇ ಇಯತ್ತೆ ಓದಿದ ನನಗೂ ನಡೆಸಲು ಬತ್ತು" ಎಂದು ಹತ್ತು ಜನರೆದುರು ಮೌಸ್ ಹಿಡಿದೆ. ಪರದೆಯ ಮೇಲೆ ಎರಡು ಕಾಲಂ ನಡುವಿನ ಗೆರೆಯನ್ನು ಪಕ್ಕಕ್ಕೆ ಎಳೆದದ್ದೇ ತೂಕದ ಕಾಲಂ ಪೂರ್ತಿ ಮಾಯ!

"ಏ ಕಾವ್ಯಶ್ರೀ, ತೂಕ ಎಂತಕ್ಕೆ ಅಳಿಸಿದೆ?" ಎಂದು ಲೆಕ್ಕ ಬರೆಯುವ ಹುಡುಗಿಯನ್ನೇ ಗದರಿದೆ.

"ನಾನು ಮುಟ್ಟಲೇ ಇಲ್ಲ ಹೆಗಡೇರೇ" ಎಂದಳು. ಜನ ನನ್ನನ್ನು ನಂಬಿದರು. ಮರುದಿನ ಅವಳು ಕೆಲಸಕ್ಕೆ ಬರಲಿಲ್ಲ.

ಅಂಕಿ ಅಳಿಸಿರಲಿಲ್ಲ, ನಾನು ಗೆರೆ ಎಳೆದದ್ದಕ್ಕೇ ಕಾಲಂ ಮುಚ್ಚಿಕೊಂಡದ್ದು ಎಂದು ನನಗೆ ಆಗಲೇ ಗೊತ್ತಿತ್ತು, ಕೂಸೇ.

ಎಳೆಯುವ ಗೆರೆ ದಪ್ಪಗೆ ಕಾಣುವಂತೆ ಮಾಡು. ಎಷ್ಟು ಎಳೆದರೂ ಅಂಕಿ ಮುಚ್ಚಬಾರದು. ಆದರೆ ಸೊಸೈಟಿಗೆ ನೀನು ಏನೂ ಹೇಳಬೇಡ. ನಾಳೆ ಅವರೆಲ್ಲರೆದುರು ನಾನೇ ಹೇಳುತ್ತೇನೆ.

ಅದಕ್ಕೂ ಮೊದಲು ಕಾವ್ಯಶ್ರೀ ಮನೆಗೆ ಹೋಗಬೇಕು. ಬಾಗಿಲಲ್ಲಿ ನಿಂತು ಮೊದಲ ಮಾತು ಎಂತ ಆಡಲಿ? ಅದೊಂದನ್ನು ಬರೆದು ಇವತ್ತು ಸಂಜೆ ಇತ್ತ ಬರುವ ಬಸ್ಸಿಗೆ ಕೊಡು.

ನಿನ್ನ
ಶ್ರೀಪಾದ ಮಾವ