ಪಿ.ಪಿ. ನಂಬರಿನ ಮನೆಯಿಂದ

ವಾಡಿ
17 ಆಗಸ್ಟ್ 2008

ಗೆಳೆಯ ಬಂದೇಅಲಿಗೆ ರಘೂತ್ತಮನ ಸಲಾಂ.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಸಿಟ್ಟಾಗಬೇಡ. ಎರಡು ಸಲ ಬರೆದು ಹರಿದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಫರಸಿ ಕಲ್ಲಿನ ಡಿಪೋದಲ್ಲಿ ಚೀಟಿ ಬರೆದ ಕೈ ಇದು, ಉದ್ದ ಬರೆಯಲು ಕೂತರೆ ಎಲ್ಲಿ ತಪ್ಪಿದೆನೋ ಎಂದು ಹೆದರುತ್ತದೆ. ನಿನ್ನ ಮೊಳಕಾಲು ಹೇಗಿದೆ? ಅಖ್ತರ ಆಪಾರ ಸಕ್ಕರೆ ಕಾಯಿಲೆ ಹತೋಟಿಗೆ ಬಂತೇ? ಚಂದಾಪುರದಲ್ಲಿ ಮಳೆ ಜೋರೆಂದು ಪೇಪರಿನಲ್ಲಿ ಓದಿ ಎರಡು ದಿನ ನನಗೆ ಊಟ ರುಚಿಸಲಿಲ್ಲ. ನಿನ್ನ ಹಿಂದಿನ ಗೋಡೆ ಮಣ್ಣಿನದಲ್ಲವೇ?

ನೀನು ಊರಿಗೆ ಹೋದ ಮೇಲೆ ಇಲ್ಲಿ ಪಕ್ಕದ ನಿನ್ನ ಮನೆಗೆ ಯಾರೋ ಬಾಡಿಗೆಗೆ ಬಂದಿದ್ದಾರೆ. ಕಂಡರೆ ತಲೆಯಾಡಿಸುತ್ತಾರೆ, ಅಷ್ಟೆ. ಭಾನುವಾರ ಯಾರೊಂದಿಗೂ ಮಾತಿಲ್ಲದೆ ಇದ್ದು ಸೋಮವಾರ ಡಿಪೋದಲ್ಲಿ ಬಾಯಿ ತೆರೆದರೆ ದನಿ ಒಡೆದು ಬರುತ್ತದೆ. ಗಂಟಲಿಗೆ ಏನಾಯಿತೋ ಎಂದು ಡಾಕ್ಟರಿಗೆ ತೋರಿಸಿದೆ. ಏನೂ ಇಲ್ಲ ಎಂದರು.

ಇನ್ನು ನೀನು ಕೇಳಿದ್ದು. ನಿನ್ನ ಮಗಳು ಹುಸ್ನಾಳ ಓದಿಗೆ ಮನೆಯಲ್ಲಿ ಯಾವ ಇಂಟರ್‌ನೆಟ್ ಹಾಕಿಸಲಿ ಎಂದು. ಓಣಿಗೆ ಮೊದಲು ಕಂಪ್ಯೂಟರ್ ತಂದವನು ನಾನು ಎಂಬ ಭರವಸೆ ನಿನಗೆ. ಆ ಡಯಲ್-ಅಪ್ ನೆನಪಿದೆಯೇ? ಫೋನಿನ ತಂತಿ ಕಿತ್ತು ಡಬ್ಬಿಗೆ ಚುಚ್ಚಿದರೆ ಅದು ಕಿರುಚುತ್ತಿತ್ತು. ನೀನು ಬಾಗಿಲಲ್ಲಿ ನಿಂತು, “ಏ ರಘು, ಒಳಗ ಯಾರ್ನ ಹಾಕ್ಕೊಂಡು ಬಡೀಲಿಕತ್ತಾರೋ? ಮೊದ್ಲ ಬಿಡಸ್ಕೊಂಡು ಬಾ,” ಅಂದಿದ್ದೆ. ಒಂದು ಚಿತ್ರ ಮೇಲಿನಿಂದ ಕೆಳಗೆ ಇಳಿಯುವಷ್ಟರಲ್ಲಿ ನಿನ್ನ ಬೀಡಿ ಮುಗಿಯುತ್ತಿತ್ತು.

ನಿಮ್ಮೂರಲ್ಲಿ ಸಿಗುವುದನ್ನೆಲ್ಲ ಫೋನು ಮಾಡಿ ವಿಚಾರಿಸಿದೆ. ಕೇಬಲ್ ಟಿ.ವಿ.ಯ ಚಂದ್ರಾಮ ಕೊಡುವುದು ಅಗ್ಗ. ಆದರೆ ಅವನ ಮನೆಯಲ್ಲಿ ಕರೆಂಟು ಹೋದರೆ ನಿನ್ನ ಮನೆಯಲ್ಲಿ ನೆಟ್ಟು ಹೋಗುತ್ತದೆ. ನಮ್ಮಲ್ಲಿ ಕರೆಂಟು ಹೋಗುವುದೇ ಇಲ್ಲ ಎಂದು ಅವನು ಹೇಳುತ್ತಿರುವಾಗಲೇ ಅವನ ಹಿಂದೆ ಟಿ.ವಿ. ಸದ್ದು ಗಪ್ಪನೆ ನಿಂತಿತು. ಇನ್ನೊಂದು, ಕಂಪ್ಯೂಟರಿಗೆ ಚುಚ್ಚುವ ಮೊಬೈಲ್ ಕಂಪನಿಯ ಕಡ್ಡಿ. ನಿಮ್ಮ ಓಣಿಯಲ್ಲಿ ಮಾಳಿಗೆ ಹತ್ತಿದರೆ ಮಾತ್ರ ಸಿಗ್ನಲ್ ಅಂತೆ. ಕಟ್ಟೆಯಿಲ್ಲದ ಮಾಳಿಗೆಯಲ್ಲಿ ಹುಡುಗಿ ಕೂತು ಓದುವುದನ್ನು ನೆನೆದು ಆ ಕಡ್ಡಿಯನ್ನು ಪಟ್ಟಿಯಿಂದ ಹೊಡೆದುಹಾಕಿದೆ.

ಉಳಿದದ್ದು ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್. ಈಗ ನೆಟ್ಟು ನಡೆದಾಗಲೂ ಫೋನು ಬರುತ್ತದೆ. ಆದರೆ ನೀನೇ ಬರೆದಿದ್ದೀಯ: “ಆ ತಂತಿ ಸುದ್ದಿ ತಗೀಬ್ಯಾಡ. ನಮ್ಮ ಅಮ್ಮಿ ಮಾರಿ ನೋಡಗೊಡಲಿಲ್ಲ ಅದು.” ಈ ಒಂದು ಸಾಲಿಗೆ ಉತ್ತರ ಬರೆಯಲು ನನಗೆ ಇಪ್ಪತ್ತು ದಿನ ಹಿಡಿಯಿತು.

ಎಲ್ಲ ನಿನಗೆ ಗೊತ್ತಿರುವುದೇ. ಆದರೂ ಏಳು ವರ್ಷದಿಂದ ಅದನ್ನು ಮೊದಲಿನಿಂದ ಹೇಳಿಕೊಳ್ಳುತ್ತಲೇ ಇದ್ದೇನೆ. ನಿನ್ನ ಮನೆಯಲ್ಲಿ ಫೋನಿರಲಿಲ್ಲ. ನಮ್ಮ ನಂಬರಿನ ಮುಂದೆ, ಪಕ್ಕದ ಮನೆಯದು ಎಂಬುದಕ್ಕೆ, ಪಿ.ಪಿ. ಎಂದು ಬರೆದು ನೀನು ನಿನ್ನವರಿಗೆಲ್ಲ ಕೊಟ್ಟಿದ್ದೆ. ಕರೆ ಬಂದರೆ ನಾನು ಓಡಿಬಂದು ನಿನ್ನನ್ನು ಕರೆಯುತ್ತಿದ್ದೆ. ಆ ದಿನ ಚಂದಾಪುರದಲ್ಲಿ ಅಮ್ಮಿಗೆ ಕಾಯಿಲೆ ಹೆಚ್ಚಾಗಿದೆ ಎಂದು ನಿನ್ನ ಅಕ್ಕ ಅಖ್ತರ ಆಪಾ ಬೂತಿನಲ್ಲಿ ನಿಂತು ಎರಡು ತಾಸು ನಂಬರು ಹಚ್ಚಿದರು. ಬರೀ ಎಂಗೇಜ್. ಕಡೆಗೆ ಸುದ್ದಿ ಸಿಕ್ಕು ನೀನು ಸೇಡಂ ಮುಟ್ಟುವಷ್ಟರಲ್ಲಿ ನಿಮ್ಮೂರ ಕಡೆಯ, ಚಿಂಚೋಳಿಯ ಕೊನೆಯ ಬಸ್ಸು ಹೋಗಿತ್ತು. ಮರುದಿನ ನೀನು ಮನೆ ತಲುಪಿದಾಗ ಅಮ್ಮಿ ಇರಲಿಲ್ಲ.

ಲೈನು ಕೆಟ್ಟಿತ್ತು, ಕೆಟ್ಟಾಗ ಹಾಗೇ ಎಂಗೇಜ್ ಬರುತ್ತದೆ ಎಂದು ನಾನು ಹೇಳಿದೆ. ನೀನು ಸ್ಟೇಷನ್ ಮುಂದೆ ನಾಲ್ಕು ಮಂದಿಯೆದುರು ಲೈನ್‌ಮನ್ ದಶರಥನ ಕೊರಳಪಟ್ಟಿ ಹಿಡಿದೆ. ಅವನು ನಮ್ಮ ಕಂಬ ಹತ್ತಿ ಇಳಿದು ನನ್ನ ಮುಂದೆ ಬಂದು ನಿಂತ. “ತಂತಿಗೆ ಏನೂ ಆಗಿಲ್ರಿ. ನೀವರೆ ಹೇಳ್ರಿ ಅವರಿಗೆ.” ತಿಂಗಳೊಳಗೆ ವರ್ಗ ಮಾಡಿಸಿಕೊಂಡು ಹೋದ.

ಯಾವುದು ಹಾಕಿಸಬೇಕೆಂದು ಕೆಳಗೆ ಬರೆದಿದ್ದೇನೆ. ಯಾವುದೇ ಇರಲಿ, ಗುಡುಗಿದರೆ ತಂತಿ ಕಿತ್ತಿಡಲು ಹುಸ್ನಾಗೆ ಹೇಳು. ಅವಳ ಓದಿಗೆ ಯಾವ ಅಡ್ಡಿಯೂ ಬಾರದಿರಲಿ, ಆಪಾ ಗಟ್ಟಿಯಾಗಿರಲಿ, ನಿನ್ನ ಗೋಡೆ ಈ ಮಳೆಗಾಲ ದಾಟಲಿ.

ನಿನ್ನ
ರಘೂತ್ತಮ

ತಾ.ಕ.: ಇದನ್ನು ನೀನೊಬ್ಬನೇ ಓದು. ಆ ಮಧ್ಯಾಹ್ನ ನಾನು ಇಂಟರ್‌ನೆಟ್ ಹಚ್ಚಿಕೊಂಡು ಕೂತಿದ್ದೆ, ಅದು ನಡೆಯುವಷ್ಟು ಹೊತ್ತು ಫೋನು ಎಂಗೇಜ್. ಗುರುತಿಲ್ಲದವರು ಟೈಪು ಮಾಡಿ ಮಾತಾಡುವ ಒಂದು ಜಾಗವಿತ್ತು. ಯಾರೋ, ಗಂಡೋ ಹೆಣ್ಣೋ ಇಂದಿಗೂ ಗೊತ್ತಿಲ್ಲ, ಊಟ ಆಯಿತೇ ಎಂದು ಕೇಳಿದರು. ನಮ್ಮ ಅವ್ವ ಹೋಗಿ ಆಗ ಒಂದು ವರ್ಷ. ಏನು ಅಡುಗೆ ಮಾಡಿದ್ದೆ ಎಂದು ಒಂದೊಂದೇ ಅಕ್ಷರ ಹುಡುಕಿ ಒತ್ತಿ ಹೇಳಲು ನನಗೆ ಅರ್ಧ ತಾಸು ಬೇಕಾಯಿತು. ನಿನಗೆ ಯಾರಾದರೂ ಫೋನು ಹಚ್ಚುತ್ತಿರಬಹುದು ಎಂಬುದು ನೆನಪಾಗಲಿಲ್ಲ ಅಂತಲ್ಲ, ನೆನಪಾಯಿತು. ಇನ್ನೊಂದು ಮಾತು, ಇನ್ನೊಂದು ಮಾತು ಎನ್ನುತ್ತ ಕೂತೆ. ದಶರಥ ಬಂದು ಕೇಳಿದಾಗ ನೆಲ ನೋಡಿದೆ.

ಅವನೀಗ ಸೇಡಂನಲ್ಲಿದ್ದಾನೆ. ಬರುವ ಭಾನುವಾರ ಹೋಗಿ ಹೇಳುತ್ತೇನೆ. ನೀನು ಬೈದು ಬರೆ, ಏನು ಬೇಕಾದರೂ ಬರೆ. ಬರೆಯದೆ ಮಾತ್ರ ಇರಬೇಡ.

ಹುಸ್ನಾಗೆ ಫೋನಿನ ತಂತಿಯನ್ನೇ ಹಾಕಿಸು. ಅದು ಅಂದೂ ಚೆನ್ನಾಗಿಯೇ ಇತ್ತು.